ಬೆಳಕಿನ ಹಿಂದಿರುವ ಲೆಕ್ಕ

ನೀಲಿ ಬೆಳಕನ್ನು ಸೂಸುವ ಡಯೋಡನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಾಕಾಮುರ ಎಂಬ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಅವರ ಪರಿಶ್ರಮದ ಫಲವಾದ ಬಿಳಿ ಎಲ್‌ಇಡಿ ಇಂದು ಅಲ್ಪ ಬೆಲೆಗೆ ಎಲ್ಲೆಡೆ ಲಭ್ಯವಿದೆ. ಶಾಲೆಗಳ ವಿಜ್ಞಾನ ಪ್ರದರ್ಶನಗಳಲ್ಲಿ ವಿದ್ಯಾರ್ಥಿಗಳು ತಾವೇ ಜೋಡಿಸಿದ ದೀಪಗಳನ್ನಿರಿಸುವುದು ಸಂತೋಷದ ಸಂಗತಿ. ಆದರೆ ಉದ್ಘಾಟನೆಯ ದಿನ ಪ್ರಜ್ವಲಿಸಿದ ದೀಪ ಕೆಲವೇ ದಿನಗಳಲ್ಲಿ ಮಂಕಾದರೆ, ಅಪರಾಧವನ್ನು ದೀಪದ ತಲೆಗೆ ಕಟ್ಟುವುದುಂಟು. ಅನೇಕ ವೇಳೆ ದೋಷವಿರುವುದು ದೀಪದಲ್ಲಲ್ಲ. ಅದಕ್ಕೆ ವಿದ್ಯುತ್ತನ್ನು ಅಳೆದು ಕೊಡಬೇಕಾದ ಡ್ರೈವರಿನಲ್ಲಿ.

ಮಂಗಳೂರು–ಬೆಂಗಳೂರು ಹೆದ್ದಾರಿಯ ಮೇಲಿರುವ ಬಂಟ್ವಾಳ ತಾಲೂಕಿನ ಮೆಲ್ಕಾರನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಕರಾವಳಿಯ ಮಳೆಗಾಲದಲ್ಲಿ ಮರ ಉರುಳಿ ತಂತಿ ಕಡಿದರೆ ಗಂಟೆಗಟ್ಟಲೆ ಕತ್ತಲೆ. ಅಲ್ಲಿಯ ವಿದ್ಯಾರ್ಥಿಯೊಬ್ಬನು 12 ವೋಲ್ಟಿನ ಬ್ಯಾಟರಿಯಿಂದ ಮನೆಗೊಂದು ತುರ್ತು ದೀಪವನ್ನು ಮಾಡಹೊರಟನೆಂದಿಟ್ಟುಕೊಂಡರೆ, ಒಂದು ವ್ಯಾಟಿನ ಮೂರು ಎಲ್‌ಇಡಿಗಳನ್ನು ಸಾಲಾಗಿ ಜೋಡಿಸುವನು. ಒಂದೊಂದಕ್ಕೆ ಸುಮಾರು 3.2 ವೋಲ್ಟ್, ಒಟ್ಟು 9.6. ಹರಿಯಬೇಕಾದ ಪ್ರವಾಹ 350 ಮಿಲಿಆಂಪಿಯರ್. ಲೆಕ್ಕಮಾಡಿ 6.8 ಓಮಿನ ರೋಧಕವೊಂದನ್ನು ಸೇರಿಸಿದರೆ ದೀಪ ಚೆನ್ನಾಗಿಯೇ ಉರಿಯುತ್ತದೆ. ಆದರೆ ಬ್ಯಾಟರಿ ಯಾವಾಗಲೂ 12 ವೋಲ್ಟಿನಲ್ಲಿ ನಿಲ್ಲುವುದಿಲ್ಲ. ಚಾರ್ಜಾಗುವಾಗ ಅದು 14.4ಕ್ಕೆ ಏರಿದರೆ ಪ್ರವಾಹ ಸುಮಾರು 700 ಮಿಲಿಆಂಪಿಯರಾಗಿ ಇಮ್ಮಡಿಸುತ್ತದೆ. 11ಕ್ಕೆ ಇಳಿದರೆ 200ರ ಸಮೀಪಕ್ಕೆ ಕುಸಿಯುತ್ತದೆ. ವೋಲ್ಟೇಜಿನ ಅಲ್ಪ ವ್ಯತ್ಯಾಸ ಪ್ರವಾಹದಲ್ಲಿ ಅಗಾಧ ವ್ಯತ್ಯಾಸವನ್ನು ತರುತ್ತದೆಂಬುದೇ ಇಲ್ಲಿಯ ಮರ್ಮ. ಇದರ ಮೇಲೆ, ಎಲ್‌ಇಡಿ ಬಿಸಿಯಾದಂತೆ ಅದಕ್ಕೆ ಬೇಕಾದ ವೋಲ್ಟೇಜು ತಗ್ಗಿ, ಇನ್ನೂ ಹೆಚ್ಚು ಪ್ರವಾಹ ಒಳನುಗ್ಗುತ್ತದೆ. ಸಣ್ಣ ಸೂಚಕ ದೀಪಕ್ಕೆ ರೋಧಕ ಸಾಕು. ಶಕ್ತಿಯುತ ದೀಪಕ್ಕೆ ಪ್ರವಾಹವನ್ನು ಸ್ಥಿರವಾಗಿಡುವ ಡ್ರೈವರ್ ಅತ್ಯಗತ್ಯ.

ಡ್ರೈವರಿನ ಆಯ್ಕೆಯೂ ಊಹೆಯ ಮಾತಲ್ಲ. ಎಲ್‌ಎಂ317 ಎಂಬ ಸುಪರಿಚಿತ ಐಸಿಗೆ 3.6 ಓಮಿನ ರೋಧಕವನ್ನು ಸೇರಿಸಿದರೆ ಸುಮಾರು 350 ಮಿಲಿಆಂಪಿಯರ್ ಸ್ಥಿರವಾಗಿ ದೊರೆಯುತ್ತದೆ. ಆದರೆ ಅದು ತನಗಾಗಿಯೇ ಮೂರು ವೋಲ್ಟಿನಷ್ಟು ಕೇಳುವುದರಿಂದ 12 ವೋಲ್ಟಿಗೆ ಎರಡು ಎಲ್‌ಇಡಿಗಳೇ ಮಿತಿ. ಉಳಿದ ಶಕ್ತಿ ಶಾಖವಾಗಿ ವ್ಯರ್ಥ. ಈ ನಷ್ಟವನ್ನು ತಗ್ಗಿಸುವುದು ಸ್ವಿಚಿಂಗ್ ಡ್ರೈವರ್. ಬ್ಯಾಟರಿ ಇಳಿದಾಗಿನ ವೋಲ್ಟೇಜಿಗಿಂತ ದೀಪಗಳ ಒಟ್ಟು ವೋಲ್ಟೇಜು ಸಾಕಷ್ಟು ಕೆಳಗಿದ್ದರೆ 'ಬಕ್' ಮಾದರಿ, ಚಾರ್ಜಾಗುವಾಗಿನ ವೋಲ್ಟೇಜಿಗಿಂತಲೂ ಮೇಲಿದ್ದರೆ 'ಬೂಸ್ಟ್' ಮಾದರಿ. ಯಾವುದಾದರೂ ಸರಿ, ದೀಪದ ಬೆನ್ನಿಗೆ ಶಾಖ ಹೀರುವ ಅಲ್ಯೂಮಿನಿಯಂ ಫಲಕವಿಲ್ಲದೆ ಆಯುಷ್ಯವಿಲ್ಲ.

230 ವೋಲ್ಟಿನ ಮನೆ ವಿದ್ಯುತ್ತಿಗೆ ಜೋಡಿಸುವಲ್ಲಿ ಪ್ರಶ್ನೆ ದೀಪದ ಆಯುಷ್ಯದ್ದಲ್ಲ, ಮಗುವಿನ ಪ್ರಾಣದ್ದು. ಅಗ್ಗದ ಡ್ರೈವರುಗಳಲ್ಲಿ ಹಲವು, ಮನೆಯ ವಿದ್ಯುತ್ ಮಾರ್ಗದಿಂದ ದೀಪವನ್ನು ಪ್ರತ್ಯೇಕಿಸುವುದಿಲ್ಲ. ಮುಟ್ಟಿದ ಕೈಗೆ ಆಘಾತ ತಪ್ಪದು. ಟ್ರಾನ್ಸ್‌ಫಾರ್ಮರಿನಿಂದ ಪ್ರತ್ಯೇಕಿಸಲ್ಪಟ್ಟ ಡ್ರೈವರನ್ನು, ಅದೂ ಅಧ್ಯಾಪಕರ ಸಮ್ಮುಖದಲ್ಲಿ, ಬಳಸುವುದೇ ಶ್ರೇಯಸ್ಕರ. ವಿದ್ಯಾರ್ಥಿಗಳ ಕೈಗೆ ಬ್ಯಾಟರಿಯೇ ಮೇಲು.

ಸಿದ್ಧ ಬಲ್ಬು ಕಡಿಮೆ ಬೆಲೆಗೆ ಸಿಗುವಾಗ ಈ ಶ್ರಮವೇಕೆಂದು ಕೆಲವರು ಕೇಳಬಹುದು. ಬೆಳಕು ಮಾತ್ರವೇ ಗುರಿಯಾಗಿದ್ದರೆ ಆ ಪ್ರಶ್ನೆ ಸರಿಯೇ. ಆದರೆ ಶಾಲೆಯ ಗುರಿ ಬಲ್ಬಲ್ಲ, ತಿಳಿವಳಿಕೆ. ಮೆಲ್ಕಾರಿನ ನೆರೆಯ ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿ 1982ರಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಗ್ರಾಮೀಣ ಯುವಜನರಿಗೆ ಕೈಕಸುಬನ್ನು ಕಲಿಸಿ ಸ್ವಾವಲಂಬನೆಗೆ ದಾರಿ ತೋರಿತು. ಅಳೆದು, ಲೆಕ್ಕವಿಟ್ಟು, ಕೆಟ್ಟುದನ್ನು ಸರಿಪಡಿಸುವ ಅಭ್ಯಾಸದ ಬೀಜವನ್ನು ಶಾಲೆಯಲ್ಲಿಯೇ ಬಿತ್ತಬೇಕು.

ಆದುದರಿಂದ ಪ್ರದರ್ಶನದ ತೀರ್ಪುಗಾರರು ದೀಪದ ಪ್ರಖರತೆಗೆ ಮಾರುಹೋಗದೆ, ಪ್ರವಾಹವನ್ನು ಅಳೆದು ಬರೆದಿಟ್ಟ ಪುಸ್ತಕಕ್ಕೆ ಬಹುಮಾನ ಕೊಡಲಿ. ದಾನಿಗಳು ತಮ್ಮ ಹೆಸರು ಬರೆಸಿದ ದೀಪಗಳ ಜೊತೆಗೆ ಪ್ರಯೋಗಶಾಲೆಗೆ ನಾಲ್ಕು ಮಲ್ಟಿಮೀಟರುಗಳನ್ನೂ ಉತ್ತಮ ಡ್ರೈವರುಗಳನ್ನೂ ಒದಗಿಸಲಿ. ಹಳೆಯ ವಿದ್ಯಾರ್ಥಿಗಳಲ್ಲಿರುವ ಎಂಜಿನಿಯರುಗಳು ವರ್ಷಕ್ಕೊಂದು ದಿನ ಬಂದು ಮಕ್ಕಳೊಡನೆ ಕುಳಿತು ಅಳೆಯಲಿ. ದಾನವಾಗಿ ಬಂದ ದೀಪ ಒಂದು ಕೋಣೆಯನ್ನು ಬೆಳಗೀತು. ಅದು ಆರಿದಾಗ ಕಾರಣ ಹುಡುಕಬಲ್ಲ ವಿದ್ಯಾರ್ಥಿ ಊರನ್ನೇ ಬೆಳಗಬಲ್ಲನು.