ಯಂತ್ರ ನನ್ನದು, ಖಾತೆ ಅವನದು!

‘ಖಾತೆ’ ಎಂಬುದು ನಮಗೆಲ್ಲ ಹಳೆಯ ಪರಿಚಯದ ಪದ. ಕಿರಾಣಿ ಅಂಗಡಿಯ ಸಾಲದ ಖಾತೆ, ಬ್ಯಾಂಕಿನ ಖಾತೆ, ಎಲ್ಲಕ್ಕಿಂತ ಮಿಗಿಲಾಗಿ ಮನೆ-ಜಮೀನಿನ ಖಾತೆ. ನಿವೇಶನ ಕೊಂಡವರು ನೋಂದಣಿಯಾದ ಮೇಲೆ ಮೊದಲು ಓಡುವುದು ಖಾತೆ ಬದಲಾವಣೆಗೆ. ಯಜಮಾನ ತೀರಿಕೊಂಡರೆ ವಾರಸುದಾರರ ಹೆಸರಿಗೆ ಪೌತಿ ಖಾತೆ. ಅದಕ್ಕಾಗಿ ಎಷ್ಟು ಸಲ ಅಲೆಯಬೇಕು, ಯಾರ ಯಾರ ಮುಂದೆ ಕೈಕಟ್ಟಿ ನಿಲ್ಲಬೇಕು ಎಂಬುದು ಬೇರೆ ಮಾತು. ಅಲೆಯುವುದಕ್ಕೆ ಒಂದು ಕಚೇರಿಯಾದರೂ ಇದೆ, ತುಂಬುವುದಕ್ಕೆ ಒಂದು ಅರ್ಜಿಯಾದರೂ ಇದೆ. ಕಂದಾಯ ಇಲಾಖೆಯನ್ನು ನಾನು ಹೊಗಳುತ್ತಿರುವುದು ಬಹುಶಃ ಇದೇ ಮೊದಲು. ಓದುಗ ಮಿತ್ರರು ಕ್ಷಮಿಸಬೇಕು.

ಗಣಕಯಂತ್ರದ ಲೋಕದಲ್ಲಿಯೂ ಈಗ ಖಾತೆ ಎಂಬ ಪದವೇ ನೆಲೆಯೂರಿದೆ. ಆದರೆ ಅಲ್ಲಿ ಯಂತ್ರ ಕೈಬದಲಾದರೂ ಖಾತೆ ಬದಲಾಗುವುದಿಲ್ಲ. ಯಂತ್ರ ನಿಮ್ಮ ಮೇಜಿನ ಮೇಲಿರುತ್ತದೆ, ಅದಕ್ಕೆ ವಿದ್ಯುತ್ ಶುಲ್ಕ ಕಟ್ಟುವವರು ನೀವು, ಧೂಳು ಒರೆಸುವವರು ನೀವು; ಒಳಗಿರುವ ತಂತ್ರಾಂಶ ಮಾತ್ರ ಇನ್ನೊಬ್ಬರ ಹೆಸರಿನಲ್ಲಿಯೇ ಉಸಿರಾಡುತ್ತಿರುತ್ತದೆ. ಈ ಅನ್ಯಾಯವನ್ನು ‘ಸಣ್ಣ ತಾಂತ್ರಿಕ ತೊಡಕು’ ಎಂದು ತಳ್ಳಿಹಾಕುವವರ ಮೇಲೆ ನನ್ನ ತಕರಾರು.

ವಿಷಯ ಗೊತ್ತಿಲ್ಲದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಅಮೆರಿಕದಲ್ಲಿರುವ ಮಗ ರಜೆಗೆ ಬರುತ್ತಾನೆ. ತಾನು ಹೊಸದನ್ನು ಕೊಂಡಿದ್ದೇನೆಂದು ಹಳೆಯ ಮ್ಯಾಕ್‌ಬುಕ್ಕನ್ನು ಅಪ್ಪನಿಗೆ ಕೊಟ್ಟು ಹೋಗುತ್ತಾನೆ. ಇಂಥ ಯಂತ್ರಗಳು ಮೈಸೂರು, ಶಿವಮೊಗ್ಗ, ಧಾರವಾಡಗಳ ನಿವೃತ್ತರ ಮನೆಗಳಲ್ಲಿ ಈಗ ಅಪರೂಪವಲ್ಲ. ಅಪ್ಪ ತಮ್ಮದೇ ಹೊಸ ಆ್ಯಪಲ್ ಖಾತೆ ತೆರೆಯುತ್ತಾರೆ, ಎಲ್ಲವೂ ಸುಸೂತ್ರ. ಕೆಲವು ತಿಂಗಳ ಬಳಿಕ ಒಂದು ಆ್ಯಪಿನ ಅಪ್‌ಡೇಟ್ ಬರುತ್ತದೆ. ಗುಂಡಿ ಒತ್ತಿದರೆ, ಈ ಅಪ್‌ಡೇಟ್ ನಿಮ್ಮ ಖಾತೆಗೆ ಲಭ್ಯವಿಲ್ಲ, ಬೇರೆ ಬಳಕೆದಾರರು ಕೊಂಡದ್ದಿರಬಹುದು ಎಂಬರ್ಥದ ಸೂಚನೆ. ಇಲ್ಲವೇ ಮಗನ ಮಿಂಚಂಚೆ ವಿಳಾಸವನ್ನು ತೋರಿಸಿ, ಅದರ ಪಾಸ್‌ವರ್ಡ್ ಹಾಕಿ ಎಂಬ ಅಪ್ಪಣೆ.

ಆಗ ಆರಂಭವಾಗುತ್ತದೆ ಸಲಹೆಗಾರರ ಸಾಲು. ‘ಹೊಸ ಯೂಸರ್ ಮಾಡಿಕೊಳ್ಳಿ ಸಾರ್, ಸರಿಹೋಗುತ್ತದೆ’ ಎನ್ನುತ್ತಾರೆ ಒಬ್ಬರು. ಸರಿಹೋಗುವುದಿಲ್ಲ. ಯಂತ್ರದೊಳಗೆ ಪ್ರವೇಶಿಸಲು ಬಳಸುವ ಬಳಕೆದಾರ ಖಾತೆ ಬೇರೆ, ಆ್ಯಪಲ್ ಖಾತೆ ಬೇರೆ. ಒಂದು ಯಂತ್ರದ ಎಲ್ಲ ಬಳಕೆದಾರರಿಗೂ ಅಪ್ಲಿಕೇಷನ್ಸ್ ಕೋಶ ಒಂದೇ. ನೀವು ಹತ್ತು ಹೊಸ ಬಳಕೆದಾರರನ್ನು ಸೃಷ್ಟಿಸಿದರೂ ಅದೇ ಆ್ಯಪು ಅದೇ ಹಳೆಯ ಹೆಸರನ್ನೇ ಜಪಿಸುತ್ತದೆ. ‘ಆ್ಯಪ್ ಸ್ಟೋರಿನಿಂದ ಸೈನ್ ಔಟ್ ಆಗಿ, ನಿಮ್ಮ ಖಾತೆಯಿಂದ ಸೈನ್ ಇನ್ ಆಗಿ’ ಎನ್ನುತ್ತಾರೆ ಇನ್ನೊಬ್ಬರು. ಅದರಿಂದಲೂ ಪ್ರಯೋಜನವಿಲ್ಲ. 2011ರ ಜನವರಿಯಲ್ಲಿ ಮ್ಯಾಕ್ ಆ್ಯಪ್ ಸ್ಟೋರ್ ಆರಂಭವಾದಂದಿನಿಂದ ಅಲ್ಲಿಂದ ಇಳಿಸಿಕೊಂಡ ಪ್ರತಿಯೊಂದು ಆ್ಯಪಿನ ಹೊಟ್ಟೆಯೊಳಗೂ ಒಂದು ರಸೀದಿ ಇರುತ್ತದೆ. ಆ್ಯಪಿನ ಮೇಲೆ ಬಲಗುಂಡಿ ಒತ್ತಿ ‘ಶೋ ಪ್ಯಾಕೇಜ್ ಕಂಟೆಂಟ್ಸ್’ ಎಂದರೆ ಆ ರಸೀದಿಯ ಕೋಶವನ್ನು ಕಣ್ಣಾರೆ ನೋಡಬಹುದು. ಆ ರಸೀದಿಯ ಖರೀದಿ ಯಾರ ಲೆಕ್ಕದಲ್ಲಿದೆಯೋ ಅಪ್‌ಡೇಟಿನ ಹಕ್ಕೂ ಅವರದೇ. ತಂತ್ರಾಂಶ ತಯಾರಕರ ಜಾಲತಾಣದಿಂದಲೇ ನೇರವಾಗಿ ಇಳಿಸಿಕೊಂಡ ಆ್ಯಪುಗಳಿಗೆ ಈ ರೋಗವಿಲ್ಲ.

ಪರಿಹಾರವಿದೆ, ಇಲ್ಲವೆನ್ನಲಾರೆ. ತಕರಾರು ಮಾಡುವ ಆ್ಯಪನ್ನು ಅಪ್ಲಿಕೇಷನ್ಸ್ ಕೋಶದಿಂದ ಟ್ರ್ಯಾಶ್‌ಗೆ ಹಾಕಿ, ಟ್ರ್ಯಾಶನ್ನೂ ಬರಿದು ಮಾಡಿ, ತಮ್ಮ ಖಾತೆಯಿಂದ ಆ್ಯಪ್ ಸ್ಟೋರನ್ನು ಪ್ರವೇಶಿಸಿ ಅದನ್ನೇ ಮತ್ತೆ ಇಳಿಸಿಕೊಳ್ಳಬೇಕು. ಹೊಸ ರಸೀದಿ ಹೊಸ ಹೆಸರಿನಲ್ಲಿ ಬರುತ್ತದೆ. ಡಾಕ್ಯುಮೆಂಟ್ಸ್ ಕೋಶದಲ್ಲಿ ಉಳಿಸಿಟ್ಟ ಪತ್ರಗಳು ಇದರಿಂದ ಅಳಿಯುವುದಿಲ್ಲ. ಆದರೂ ಮೊದಲು ಒಂದು ಪ್ರತಿ ತೆಗೆದಿಟ್ಟುಕೊಳ್ಳುವುದು ಜಾಣತನ. ಪೇಜಸ್, ನಂಬರ್ಸ್, ಕೀನೋಟ್, ಐಮೂವಿ, ಗರಾಜ್‌ಬ್ಯಾಂಡ್‌ಗಳು 2017ರಿಂದ ಎಲ್ಲರಿಗೂ ಉಚಿತವಾದ್ದರಿಂದ ಅವುಗಳ ಮಟ್ಟಿಗೆ ಇದಕ್ಕೆ ದುಡ್ಡಿನ ಪ್ರಶ್ನೆ ಏಳುವುದಿಲ್ಲ.

ಆದರೆ ಇಲ್ಲಿಯೂ ಒಂದು ಗುಂಡಿ ತೋಡಿಟ್ಟಿದ್ದಾರೆ. ಯಂತ್ರ ಬಹಳ ಹಳೆಯದಾಗಿದ್ದರೆ, ಆ್ಯಪಿನ ಇಂದಿನ ಆವೃತ್ತಿ ಅದರ ಮೇಲೆ ಓಡುವುದಿಲ್ಲ. ಹಳೆಯ ಆವೃತ್ತಿಯನ್ನು ಕೊಡುವ ವ್ಯವಸ್ಥೆ ಆ್ಯಪ್ ಸ್ಟೋರಿನಲ್ಲಿ ಇದೆಯಾದರೂ, ಅದು ಸಾಮಾನ್ಯವಾಗಿ ದೊರೆಯುವುದು ಆ ಆ್ಯಪನ್ನು ಹಿಂದೆಯೇ ಪಡೆದಿದ್ದ ಖಾತೆಗೆ. ಅಪ್ಪನ ಹೊಸ ಖಾತೆಗೆ ಅಂಥ ಪೂರ್ವಪುಣ್ಯವೆಲ್ಲಿಂದ ಬರಬೇಕು? ಅಳಿಸಿದ್ದು ಅಳಿಸಿಹೋಯಿತು, ಬರಬೇಕಾದದ್ದು ಬರಲಿಲ್ಲ. ಆದ್ದರಿಂದ ಅಳಿಸುವ ಮುನ್ನ ಇಂದಿನ ಆವೃತ್ತಿಗೆ ಯಾವ ಮ್ಯಾಕ್ ಓಎಸ್ ಬೇಕೆಂಬುದನ್ನು ಆ್ಯಪಿನ ಪುಟದಲ್ಲಿ ಓದಿಕೊಳ್ಳಬೇಕು. ಹಣ ಕೊಟ್ಟು ಕೊಂಡ ಆ್ಯಪಾದರೆ ಮತ್ತೊಮ್ಮೆ ಹಣ ತೆರಬೇಕು. ‘ಫ್ಯಾಮಿಲಿ ಶೇರಿಂಗ್ ಇದೆಯಲ್ಲ’ ಎಂದು ಬಲ್ಲವರು ಹೇಳಬಹುದು. ಇದೆ, 2014ರಿಂದಲೂ ಇದೆ, ಆರು ಜನರವರೆಗೆ. ಆದರೆ ಖರೀದಿಗಳನ್ನು ಹಂಚಿಕೊಳ್ಳಬೇಕಾದರೆ ಎಲ್ಲರ ಖಾತೆಗಳೂ ಒಂದೇ ದೇಶದವಾಗಿರಬೇಕು. ಮಗ ಕ್ಯಾಲಿಫೋರ್ನಿಯಾದಲ್ಲಿ, ಅಪ್ಪ ಕುವೆಂಪುನಗರದಲ್ಲಿ. ಈ ಕುಟುಂಬ ಆ ವ್ಯಾಖ್ಯೆಯಲ್ಲಿ ಕುಟುಂಬವೇ ಅಲ್ಲ!

ಹೀಗಾಗಿ ಬಹುತೇಕ ಮನೆಗಳಲ್ಲಿ ನಡೆಯುವುದು ಮೂರನೆಯ ದಾರಿ. ಮಗನ ಪಾಸ್‌ವರ್ಡನ್ನೇ ಕೇಳಿ ಹಾಕುವುದು. ಇಲ್ಲಿ ರಾತ್ರಿ ಎಂಟು, ಅಲ್ಲಿ ಬೆಳಗಿನ ನಿದ್ದೆ. ಪಾಸ್‌ವರ್ಡ್ ಹಾಕಿದರೆ ಆರಂಕಿಯ ಗುಪ್ತಸಂಖ್ಯೆ ಮಗನ ಫೋನಿಗೆ ಹೋಗುತ್ತದೆ. ‘ಅಪ್ಪ, ಈಗ ಬಂತು ನೋಡಿ, ಬೇಗ ಹಾಕಿ’ ಎಂದು ಅವನು ಓದಿ ಹೇಳುವಷ್ಟರಲ್ಲಿ ಇವರ ಕನ್ನಡಕ ಸಿಕ್ಕಿರುವುದಿಲ್ಲ. ನಗು ಬರುವ ಪ್ರಸಂಗವೇ ಸರಿ. ಆದರೆ ಯಾರಿಗೂ ಪಾಸ್‌ವರ್ಡ್ ಹೇಳಬೇಡಿ, ಗುಪ್ತಸಂಖ್ಯೆ ಹೇಳಬೇಡಿ ಎಂದು ಬ್ಯಾಂಕಿನವರೂ ಪೊಲೀಸರೂ ಹಿರಿಯರಿಗೆ ದಿನಬೆಳಗಾದರೆ ಬೋಧಿಸುತ್ತಿರುವ ಕಾಲವಿದು. ಅದೇ ಹಿರಿಯರಿಗೆ, ಫೋನಿನಲ್ಲಿ ಗುಪ್ತಸಂಖ್ಯೆ ಕೇಳುವುದು ಹೇಳುವುದು ಮನೆಯ ಮಾಮೂಲು ಸಂಗತಿ ಎಂಬ ಪಾಠವನ್ನು ಈ ವ್ಯವಸ್ಥೆ ಕಲಿಸುತ್ತಿದೆ. ಮೂವತ್ತು ವರ್ಷ ಪಾಠ ಮಾಡಿದವನಾಗಿ ಹೇಳುತ್ತೇನೆ: ಅಭ್ಯಾಸದಿಂದ ಕಲಿತದ್ದರ ಮುಂದೆ ಉಪದೇಶ ನಿಲ್ಲುವುದಿಲ್ಲ. ಇದೆಲ್ಲ ಬೇಸರವಾಗಿ ಅಪ್‌ಡೇಟನ್ನೇ ಕೈಬಿಟ್ಟವರ ಗತಿಯೇನು? ದೋಷ ತಿದ್ದದ ತಂತ್ರಾಂಶ ಹಾಗೆಯೇ ಕುಳಿತಿರುತ್ತದೆ, ಕಳ್ಳರಿಗೆ ತೆರೆದಿಟ್ಟ ಕಿಟಕಿಯಂತೆ.

ಕಂಪನಿಗಳ ಪರ ವಾದಿಸುವವರಿಗೆ ಒಂದು ಸಿದ್ಧ ಉತ್ತರವಿದೆ: ಹೀಗೆ ಕಟ್ಟುನಿಟ್ಟು ಮಾಡದಿದ್ದರೆ ತಂತ್ರಾಂಶದ ಕಳ್ಳತನವಾಗುತ್ತದೆ. ಒಬ್ಬ ಕೊಂಡದ್ದನ್ನು ನೂರು ಜನ ನಕಲು ಮಾಡುವುದು ತಪ್ಪೆಂಬುದರಲ್ಲಿ ನನಗೂ ಸಂದೇಹವಿಲ್ಲ. ಆದರೆ ನಾನು ಹೇಳಿದ ಆ ರಸೀದಿಯಲ್ಲಿ ಯಂತ್ರದ ಗುರುತೂ ಬೆರೆತಿದೆ. ಆ್ಯಪು ತೆರೆಯುವಾಗ ರಸೀದಿಯ ಗುರುತನ್ನು ಯಂತ್ರದ ಗುರುತಿನೊಡನೆ ತಾಳೆ ನೋಡಬೇಕೆಂದು ತಂತ್ರಾಂಶ ತಯಾರಕರಿಗೆ ಆ್ಯಪಲ್ ಕಂಪನಿಯೇ ವಿಧಾನ ಹೇಳಿಕೊಟ್ಟಿದೆ. ಅಂದರೆ, ಯಾವ ಯಂತ್ರಕ್ಕೆ ಕೊಟ್ಟ ಆ್ಯಪೋ ಅದೇ ಯಂತ್ರದಲ್ಲಿ ಇನ್ನೂ ಇದೆ, ನಕಲಾಗಿಲ್ಲ ಎಂಬುದನ್ನು ತಿಳಿಯುವ ಉಪಾಯ ಕೈಯಲ್ಲಿಯೇ ಇದೆ. ಆ ಯಂತ್ರ ಅಪ್ಪನ ಮುಂದಿದ್ದರೇನು, ಮಗನ ಮುಂದಿದ್ದರೇನು?

ಇನ್ನೂ ಒಂದು ಸಂಗತಿ. ಮ್ಯಾಕ್ ಓಎಸ್ಸಿನ ಅಪ್‌ಡೇಟುಗಳು ಒಂದು ಕಾಲದಲ್ಲಿ ಆ್ಯಪ್ ಸ್ಟೋರಿನ ಮೂಲಕವೇ ಬರುತ್ತಿದ್ದವು. 2018ರ ಮೊಹಾವೆ ಆವೃತ್ತಿಯಿಂದ ಅವು ವ್ಯವಸ್ಥೆಯ ಸೆಟ್ಟಿಂಗ್ಸಿಗೆ ಸ್ಥಳಾಂತರಗೊಂಡವು. ಅವಕ್ಕೆ ಆ್ಯಪಲ್ ಖಾತೆಯೇ ಬೇಕಿಲ್ಲ. ನೀನು ಯಾರು, ಯಾರ ಮಗ, ಯಾರು ಕೊಂಡದ್ದು ಎಂದು ಕೇಳದೆ ಇಡೀ ಕಾರ್ಯಾಚರಣೆ ವ್ಯವಸ್ಥೆಯನ್ನೇ ಹೊಸದು ಮಾಡಿಕೊಡುವವರಿಗೆ, ಒಂದು ಪುಟ್ಟ ಆ್ಯಪಿನ ದೋಷ ತಿದ್ದುವಾಗ ಮಾತ್ರ ವಂಶಾವಳಿ ಏಕೆ ಬೇಕು?

ನಾನು ಶಾಲೆಯಲ್ಲಿದ್ದಾಗ ಪ್ರತಿ ವರ್ಷ ಫಲಿತಾಂಶ ಬಂದ ವಾರದಲ್ಲಿ ಪಠ್ಯಪುಸ್ತಕಗಳು ಅರ್ಧ ಬೆಲೆಗೆ ಕೈಬದಲಾಗುತ್ತಿದ್ದವು. ಹತ್ತನೆಯವರು ಒಂಬತ್ತನೆಯವರಿಗೆ, ಅಕ್ಕ ತಂಗಿಗೆ. ಮೊದಲ ಪುಟದಲ್ಲಿ ಹಳೆಯ ಒಡೆಯರ ಹೆಸರನ್ನು ಹೊಡೆದುಹಾಕಿ ಅದರ ಕೆಳಗೆ ತಮ್ಮ ಹೆಸರನ್ನು ಬರೆದುಕೊಳ್ಳುವುದೇ ಖಾತೆ ಬದಲಾವಣೆ. ಒಂದೊಂದು ಪುಸ್ತಕದಲ್ಲಿ ನಾಲ್ಕು ಹೆಸರುಗಳಿದ್ದದ್ದನ್ನೂ ನೋಡಿದ್ದೇನೆ. ಅಂಚಿನಲ್ಲಿ ಹಿಂದಿನವರು ಪೆನ್ಸಿಲಿನಲ್ಲಿ ಬರೆದ ಅರ್ಥಗಳು ಬೇರೆ ಲಾಭ. ಬೀಜಗಣಿತದ ಪುಸ್ತಕವೊಂದು ‘ನನ್ನನ್ನು ಕೊಂಡವಳು ನೀನಲ್ಲ’ ಎಂದು ತೆರೆದುಕೊಳ್ಳದೆ ಮುನಿಸಿಕೊಂಡದ್ದನ್ನು ಮಾತ್ರ ಕಾಣೆ.

ಇದಕ್ಕಿಂತ ಕಠೋರವಾದ ಮುಖವೊಂದಿದೆ. ಮನೆಯೊಡೆಯ ತೀರಿಕೊಂಡಿದ್ದಾರೆ, ಅವರ ಯಂತ್ರವನ್ನು ಈಗ ಪತ್ನಿ ಬಳಸುತ್ತಾರೆ. ಪ್ರತಿ ಅಪ್‌ಡೇಟಿಗೂ ತೆರೆಯ ಮೇಲೆ ತೀರಿಹೋದವರ ವಿಳಾಸ ಮೂಡುತ್ತದೆ, ಪಾಸ್‌ವರ್ಡ್ ಹಾಕಿ ಎಂಬ ಆದೇಶದೊಂದಿಗೆ. 2021ರ ಡಿಸೆಂಬರಿನಲ್ಲಿ ಆ್ಯಪಲ್ ‘ಲೆಗಸಿ ಕಾಂಟ್ಯಾಕ್ಟ್’ ಎಂಬ ಏರ್ಪಾಡನ್ನು ತಂದಿತು. ಬದುಕಿರುವಾಗಲೇ ಒಬ್ಬರನ್ನು ನೇಮಿಸಿಟ್ಟರೆ, ಮರಣ ಪ್ರಮಾಣಪತ್ರ ಒದಗಿಸಿ ಅವರು ಛಾಯಾಚಿತ್ರ, ಪತ್ರಗಳನ್ನು ಪಡೆಯಬಹುದು. ಒಳ್ಳೆಯ ಕೆಲಸ. ಆದರೆ ಮೃತರು ಹಣ ಕೊಟ್ಟು ಕೊಂಡ ಚಲನಚಿತ್ರ, ಸಂಗೀತ, ಪುಸ್ತಕಗಳು ಆ ಏರ್ಪಾಡಿನಿಂದ ಹೊರಗೆ. ಪೌತಿ ಖಾತೆಯಲ್ಲಿ ಹತ್ತು ಗುಂಟೆ ಜಮೀನು ದಕ್ಕುತ್ತದೆ, ಹತ್ತು ಡಾಲರಿನ ಸಿನಿಮಾ ದಕ್ಕುವುದಿಲ್ಲ!

‘ಇದು ಮಾರಾಟವಲ್ಲ, ಪರವಾನಗಿ’ ಎಂಬುದು ಇದಕ್ಕೆಲ್ಲ ಅವರ ಕಾನೂನಿನ ಉತ್ತರ. ಹಾಗಿದ್ದರೆ ಆ ಮಾತನ್ನು ಕೊಳ್ಳುವಾಗಲೇ ದೊಡ್ಡ ಅಕ್ಷರದಲ್ಲಿ ಹೇಳಬೇಕಿತ್ತು. ಹೇಳಿಸುವುದಕ್ಕೆ ಕ್ಯಾಲಿಫೋರ್ನಿಯಾ ಒಂದು ಕಾಯ್ದೆಯನ್ನೇ ಮಾಡಬೇಕಾಯಿತು, ಅದು ಜಾರಿಗೆ ಬಂದದ್ದು 2025ರ ಜನವರಿ 1ರಿಂದ. ಪರವಾನಗಿ ಎಂದಾಕ್ಷಣ ಕೈಬದಲಾಗಬಾರದೆಂಬ ನಿಯಮವೂ ಎಲ್ಲೆಡೆ ಇಲ್ಲ. ಐರೋಪ್ಯ ಒಕ್ಕೂಟದ ನ್ಯಾಯಾಲಯ 2012ರ ಜುಲೈನಲ್ಲಿ ಯೂಸ್ಡ್‌ಸಾಫ್ಟ್ ಮತ್ತು ಒರೇಕಲ್ ನಡುವಣ ಮೊಕದ್ದಮೆಯಲ್ಲಿ, ಕಾಲಮಿತಿಯಿಲ್ಲದ ಪರವಾನಗಿಯೊಡನೆ ಹಣಕ್ಕೆ ಕೊಟ್ಟ ತಂತ್ರಾಂಶವನ್ನು ಮೊದಲ ಒಡೆಯ ತನ್ನ ಪ್ರತಿಯನ್ನು ಬಳಸಲಾಗದಂತೆ ಮಾಡಿ ಮತ್ತೊಬ್ಬರಿಗೆ ಮಾರಬಹುದೆಂದು ತೀರ್ಪಿತ್ತಿತು.

ಖಾತೆ ಬದಲಾವಣೆ ತಾಂತ್ರಿಕವಾಗಿ ಅಸಾಧ್ಯ ಎಂಬ ಮಾತನ್ನೂ ಈಗ ಯಾರೂ ಆಡುವಂತಿಲ್ಲ. 2025ರ ಫೆಬ್ರುವರಿಯಲ್ಲಿ, ಒಬ್ಬರೇ ವ್ಯಕ್ತಿಯ ಎರಡು ಖಾತೆಗಳ ನಡುವೆ ಖರೀದಿಗಳನ್ನು ವರ್ಗಾಯಿಸುವ ಸೌಲಭ್ಯವನ್ನು ಆ್ಯಪಲ್ ಪ್ರಕಟಿಸಿತು. ಪ್ರಕಟಿಸಿದಾಗ ಐರೋಪ್ಯ ಒಕ್ಕೂಟ, ಬ್ರಿಟನ್ ಮತ್ತು ಭಾರತಗಳನ್ನು ಅದರಿಂದ ಹೊರಗಿಟ್ಟಿತ್ತು. ಒಂದು ಖಾತೆಯಿಂದ ಇನ್ನೊಂದಕ್ಕೆ ಹೋಗುವ ಹಾದಿ ಇದೆ ಎಂದಾದ ಮೇಲೆ, ತಂದೆಗೆ, ಪತ್ನಿಗೆ ಆ ಹಾದಿಯನ್ನು ಮುಚ್ಚಿರುವುದು ಧೋರಣೆಯೇ ಹೊರತು ತಂತ್ರಜ್ಞಾನವಲ್ಲ. ಗ್ರಾಹಕರ ಹಕ್ಕಿನ ಮಾತನಾಡುವ ನಮ್ಮ ಸಂಘಟನೆಗಳು ಪೆಟ್ರೋಲಿನ ಅಳತೆ, ಅಕ್ಕಿಯ ತೂಕಗಳ ಜೊತೆಗೆ ಇದನ್ನೂ ಎತ್ತಿಕೊಳ್ಳುವುದು ಯಾವಾಗ?

ಕೊಡುವ ಮಕ್ಕಳಿಗೂ ಒಂದು ಮಾತಿದೆ. ವಿಮಾನ ಹತ್ತುವ ಹಿಂದಿನ ರಾತ್ರಿ, ‘ಎಲ್ಲಾ ಸೆಟ್ ಮಾಡಿದ್ದೀನಿ ಅಪ್ಪ, ಸುಮ್ಮನೆ ಉಪಯೋಗಿಸಿ’ ಎಂದು ಯಂತ್ರವನ್ನು ಕೊಡಬೇಡಿ. 2021ರ ಮಾಂಟೆರೆ ಆವೃತ್ತಿಯಿಂದೀಚೆಗೆ, ಟಿ2 ಚಿಪ್ ಅಥವಾ ಆ್ಯಪಲ್‌ನದೇ ಚಿಪ್ ಇರುವ ಮ್ಯಾಕ್‌ಗಳಲ್ಲಿ ‘ಇರೇಸ್ ಆಲ್ ಕಂಟೆಂಟ್ ಅಂಡ್ ಸೆಟ್ಟಿಂಗ್ಸ್’ ಎಂಬ ಆಯ್ಕೆ ಇದೆ. ಬೇಕಾದದ್ದನ್ನು ನಕಲು ಮಾಡಿಕೊಂಡು ಅದನ್ನು ಒತ್ತಿದರೆ ನಿಮ್ಮ ಹೆಸರೂ ನಿಮ್ಮ ಬೀಗವೂ ಯಂತ್ರದಿಂದ ಕಳಚಿಕೊಳ್ಳುತ್ತವೆ. ಅದಾದ ಮೇಲೆ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರ ಮಿಂಚಂಚೆ, ಅವರ ಫೋನ್ ಸಂಖ್ಯೆಯಿಂದ ಅವರದೇ ಖಾತೆ ತೆರೆಸಿ, ಮೊದಲ ಆ್ಯಪನ್ನು ಅವರ ಕೈಯಿಂದಲೇ ಇಳಿಸಿ. ಅರ್ಧ ದಿನ ಹಿಡಿಯುತ್ತದೆ. ರಜೆಯ ಕೊನೆಯ ರಾತ್ರಿಗೆ ಇಟ್ಟುಕೊಳ್ಳದೆ ಮೊದಲ ವಾರದಲ್ಲಿಯೇ ಮಾಡಿ.