ಅಪಸ್ಮಾರ: ಮಿನುಗುವ ಬೆಳಕೂ ಮಿದುಳಿನ ವ್ಯಾಪಾರವೂ

ರೋಗಗಳಲ್ಲಿ ಕೆಲವು ದೇಹವನ್ನಷ್ಟೇ ಬಾಧಿಸುತ್ತವೆ. ಕೆಲವು ದೇಹದೊಡನೆ ಮನೆತನದ ಮಾನವನ್ನೂ ಕೆಡಿಸುತ್ತವೆಂದು ಜನ ಭಾವಿಸಿದ್ದಾರೆ. ಈ ಎರಡನೆಯ ಬಗೆಯವುಗಳಲ್ಲಿ ಅಪಸ್ಮಾರವು ಮುಖ್ಯವಾದುದು. ಮೂರ್ಛೆರೋಗವೆಂದೂ ಫಿಟ್ಸ್ ಎಂದೂ ಮನೆಮಾತಿನಲ್ಲಿ ಕರೆಯುವ ಈ ವ್ಯಾಧಿಯು ಮಗುವಿಗೆ ತಗುಲಿದರೆ, ವೈದ್ಯರಿಗೆ ತೋರಿಸುವ ಮೊದಲೇ ನೆರೆಹೊರೆಯವರಿಂದ ಅದನ್ನು ಮುಚ್ಚಿಡುವ ಯೋಚನೆಯನ್ನು ಹಿರಿಯರು ಮಾಡುತ್ತಾರೆ. ಸಲಹೆ ಕೇಳಿ ನಮ್ಮ ಬಳಿಗೆ ಬರುವ ಗೃಹಸ್ಥರಲ್ಲಿಯೂ ಇಂಥವರುಂಟು. ತಾಯಿತ ಕಟ್ಟಿಸಬೇಕೇ, ಗ್ರಹಶಾಂತಿ ಮಾಡಿಸಬೇಕೇ ಎಂದು ತಗ್ಗಿದ ದನಿಯಲ್ಲಿ ಕೇಳುತ್ತಾರೆ. ನರರೋಗ ತಜ್ಞರಲ್ಲಿಗೆ ಹೋಗಿರೆಂದು ನಾವು ಹೇಳಿದರೆ, ಅದು ಸುದ್ದಿಯಾದೀತೆಂದು ಅಂಜುತ್ತಾರೆ. ಈ ಅಂಜಿಕೆಗೆ ಆಧಾರವಿಲ್ಲವೆಂಬುದನ್ನು ತಿಳಿಸುವುದಕ್ಕಾಗಿಯೇ ಈ ತಿಂಗಳ ಅಂಕಣವನ್ನು ಮೀಸಲಿಟ್ಟಿದ್ದೇವೆ.

ಅಪಸ್ಮಾರವೆಂದರೆ ಸ್ಮೃತಿಯು ತಪ್ಪಿಹೋಗುವುದು ಎಂದರ್ಥ. ಚರಕಸಂಹಿತೆಯು ನಿದಾನಸ್ಥಾನ ಮತ್ತು ಚಿಕಿತ್ಸಾಸ್ಥಾನಗಳೆರಡರಲ್ಲಿಯೂ ಇದಕ್ಕೆ ಪ್ರತ್ಯೇಕ ಅಧ್ಯಾಯಗಳನ್ನು ಮೀಸಲಿಟ್ಟಿದೆ. ಗ್ರೀಸ್ ದೇಶದಲ್ಲಿ ಹಿಪಾಕ್ರಟಿಸನ ಹೆಸರಿನಲ್ಲಿ ಉಳಿದಿರುವ ಪ್ರಾಚೀನ ಗ್ರಂಥವೊಂದು, ಇದು ದೇವತೆಗಳ ಕೋಪದಿಂದ ಬಂದುದಲ್ಲ, ಮಿದುಳಿನಿಂದ ಹುಟ್ಟಿದುದು ಎಂದು ಎರಡು ಸಾವಿರದ ನಾನೂರು ವರ್ಷಗಳ ಹಿಂದೆಯೇ ವಾದಿಸಿತು. ನಟರಾಜನ ಪಾದದಡಿಯಲ್ಲಿರುವ ಮೂರ್ತಿಗೆ ಅಪಸ್ಮಾರನೆಂಬ ಹೆಸರಿರುವುದರಿಂದ ರೋಗಿಯಲ್ಲಿ ಏನೋ ದೋಷವಿದೆಯೆಂದು ಕೆಲವರು ಎಣಿಸುತ್ತಾರೆ. ಆ ಮೂರ್ತಿಯು ಅಜ್ಞಾನದ ಸಂಕೇತವೇ ಹೊರತು ರೋಗಿಯ ಸಂಕೇತವಲ್ಲ.

ಮಿದುಳಿನಲ್ಲಿ ನಡೆಯುವುದಾದರೂ ಏನು? ಅಲ್ಲಿರುವ ಕೋಟ್ಯನುಕೋಟಿ ನರಕೋಶಗಳು ಅತಿ ಸೂಕ್ಷ್ಮವಾದ ವಿದ್ಯುತ್ತಿನ ಮೂಲಕ ಒಂದಕ್ಕೊಂದು ಸಂದೇಶ ಕಳಿಸುತ್ತಿರುತ್ತವೆ. ಕೆಲವು ಕೋಶಗಳು ಪ್ರಚೋದಿಸುತ್ತವೆ, ಕೆಲವು ತಡೆಯುತ್ತವೆ. ಈ ಎರಡರ ಸಮತೋಲನವೇ ನಮ್ಮ ಎಚ್ಚರ, ನಡೆ ಮತ್ತು ನುಡಿಗಳಿಗೆ ಆಧಾರ. ತಡೆಯುವ ಶಕ್ತಿ ಸೋತು ಅಸಂಖ್ಯಾತ ಕೋಶಗಳು ಏಕಕಾಲದಲ್ಲಿ ಸಿಡಿದಾಗ ಮೂರ್ಛೆಯುಂಟಾಗುತ್ತದೆ. ಇಂಗ್ಲೆಂಡಿನ ವೈದ್ಯ ಜಾನ್ ಹ್ಯೂಲಿಂಗ್ಸ್ ಜಾಕ್ಸನ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಈ ವಿವರಣೆಯ ತಿರುಳನ್ನು ತಿಳಿಸಿದ್ದರು. ಆದರೆ ಅದನ್ನು ಕಣ್ಣಾರೆ ಕಾಣುವ ಸಾಧನವಿರಲಿಲ್ಲ.

ಆ ಸಾಧನವನ್ನು ಒದಗಿಸಿದವರು ಜರ್ಮನಿಯ ಯೇನಾ ನಗರದ ಮನೋವೈದ್ಯ ಹಾನ್ಸ್ ಬರ್ಗರ್. 1924ರಲ್ಲಿ ಅವರು ಮನುಷ್ಯನ ಮಿದುಳಿನ ವಿದ್ಯುತ್ತನ್ನು ಮೊದಲ ಬಾರಿಗೆ ದಾಖಲಿಸಿ, 1929ರಲ್ಲಿ ಪ್ರಕಟಿಸಿದರು. ಕಣ್ಣು ಮುಚ್ಚಿ ಶಾಂತವಾಗಿರುವಾಗ ಸೆಕೆಂಡಿಗೆ ಸುಮಾರು ಹತ್ತು ತರಂಗಗಳು ತೋರುತ್ತವೆ, ಕಣ್ಣು ತೆರೆದೊಡನೆ ಅವು ಕುಗ್ಗುತ್ತವೆ ಎಂಬುದು ಅವರ ಶೋಧ. ವಿದ್ವಾಂಸರು ಮೊದಲು ನಂಬಲಿಲ್ಲ. 1934ರಲ್ಲಿ ಕೇಂಬ್ರಿಜ್‌ನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ಅದೇ ಪ್ರಯೋಗ ಮಾಡಿ ದೃಢಪಡಿಸಿದ ಮೇಲೆ ಎಲ್ಲರೂ ಒಪ್ಪಿದರು. ಇಂದು ಆಸ್ಪತ್ರೆಗಳಲ್ಲಿ ತಲೆಗೆ ತಂತಿಗಳನ್ನು ಅಂಟಿಸಿ ಮಾಡುವ ಇ.ಇ.ಜಿ. ಪರೀಕ್ಷೆಯ ಮೂಲ ಇದೇ. ಇದು ಮಿದುಳಿಗೆ ಕರೆಂಟು ಕೊಡುವ ಪರೀಕ್ಷೆಯಲ್ಲ. ಮಿದುಳಿನಿಂದ ಹೊರಡುವುದನ್ನು ಬರೆದುಕೊಳ್ಳುವ ಪರೀಕ್ಷೆ. ತಾಯಂದಿರು ಹೆದರಬೇಕಾಗಿಲ್ಲ.

ಬೆಳಕಿಗೂ ಮೂರ್ಛೆಗೂ ಇರುವ ಸಂಬಂಧವು ಹಿಂದಿನವರಿಗೂ ತಿಳಿದಿತ್ತು. ಸಾಲುಮರಗಳ ನಡುವೆ ವೇಗವಾಗಿ ಸಾಗುವಾಗ ಬಿಸಿಲು ನೆರಳುಗಳು ಕಣ್ಣಿಗೆ ಸರಸರನೆ ಬಡಿದು ಮೂರ್ಛೆ ಬಂದವರುಂಟು. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಗ್ರೇ ವಾಲ್ಟರ್ ಮತ್ತು ಅವರ ಸಂಗಡಿಗರು ಮಿನುಗುವ ದೀಪದ ಉಪಕರಣವನ್ನು ಬಳಸಿ, ಬೆಳಕಿನ ಲಯಕ್ಕೆ ಮಿದುಳಿನ ತರಂಗಗಳು ಹೇಗೆ ಓಗೊಡುತ್ತವೆ ಎಂಬುದನ್ನು 1946ರಲ್ಲಿ ಪ್ರಕಟಿಸಿದರು. ಅಂದಿನಿಂದ ಇ.ಇ.ಜಿ. ಪರೀಕ್ಷೆಯಲ್ಲಿ ಮಿನುಗುದೀಪವನ್ನು ತೋರಿಸುವ ಪದ್ಧತಿ ಬೆಳೆದುಬಂದಿತು.

ಈ ವಿಷಯವು ವಿದ್ವಾಂಸರ ಕೊಠಡಿಯಿಂದ ಮನೆಮನೆಯ ನಡುಮನೆಗೆ ಬಂದದ್ದು ಜಪಾನಿನಲ್ಲಿ. 1997ರ ಡಿಸೆಂಬರ್ 16ರಂದು ಸಂಜೆ ಆ ದೇಶದ ಮಕ್ಕಳು ಪೋಕೆಮಾನ್ ಎಂಬ ಚಿತ್ರಸರಣಿಯನ್ನು ದೂರದರ್ಶನದಲ್ಲಿ ನೋಡುತ್ತಿದ್ದರು. ಒಂದು ಸ್ಫೋಟದ ದೃಶ್ಯದಲ್ಲಿ ಕೆಂಪು ನೀಲಿ ಬಣ್ಣಗಳು ಸೆಕೆಂಡಿಗೆ ಹನ್ನೆರಡು ಬಾರಿಯಂತೆ ಕೆಲವು ಸೆಕೆಂಡುಗಳ ಕಾಲ ಮಿಂಚಿದವು. ಅಷ್ಟರಿಂದಲೇ ನಾಡಿನ ಉದ್ದಗಲಕ್ಕೆ ಸುಮಾರು 685 ಮಂದಿಯನ್ನು ಆಸ್ಪತ್ರೆಗಳಿಗೆ ಸಾಗಿಸಬೇಕಾಯಿತು. ಅವರಲ್ಲಿ ಹೆಚ್ಚಿನವರು ಮಕ್ಕಳು. ಎಲ್ಲರಿಗೂ ಅಪಸ್ಮಾರವಾಯಿತೆಂದಲ್ಲ. ಕೆಲವರಿಗೆ ತಲೆನೋವು, ವಾಕರಿಕೆ, ಕಣ್ಣು ಮಂಜಾಗುವಿಕೆ ಮಾತ್ರ. ಆದರೆ ನಿಜವಾಗಿ ಮೂರ್ಛೆ ಬಂದವರಲ್ಲಿ ಅನೇಕರಿಗೆ ಅದುವರೆಗೆ ಒಮ್ಮೆಯೂ ಬಂದಿರಲಿಲ್ಲವೆಂಬುದು ಗಮನಿಸಬೇಕಾದ ಸಂಗತಿ. ಸರಣಿಯು ನಾಲ್ಕು ತಿಂಗಳು ನಿಂತಿತು. 1998ರಲ್ಲಿ ಜಪಾನಿನ ಪ್ರಸಾರ ಸಂಸ್ಥೆಗಳು ಮಿನುಗುವ ಚಿತ್ರಗಳಿಗೆ ನಿಯಮಗಳನ್ನು ರೂಪಿಸಿಕೊಂಡವು.

ಅದೇ ಚಿತ್ರವನ್ನು ಲಕ್ಷಾಂತರ ಮಕ್ಕಳು ನೋಡಿ ಸುಮ್ಮನಿದ್ದರಲ್ಲ, ಕೆಲವರಿಗೆ ಮಾತ್ರ ಏಕೆ ಹೀಗಾಯಿತು? ಕಣ್ಣಿನ ಸಂದೇಶಗಳು ತಲೆಯ ಹಿಂಭಾಗದಲ್ಲಿರುವ ದೃಷ್ಟಿಕೇಂದ್ರವನ್ನು ಸೇರುತ್ತವೆ. ಬೆಳಕು ತೀಕ್ಷ್ಣವಾದಂತೆಲ್ಲ ಅಲ್ಲಿಯ ಉದ್ರೇಕವು ಮಿತಿಮೀರದಂತೆ ನೋಡಿಕೊಳ್ಳುವ ಏರ್ಪಾಡು ನಮ್ಮಲ್ಲಿದೆ. ಕೆಲವರಲ್ಲಿ ಹುಟ್ಟಿನಿಂದಲೇ ಆ ಏರ್ಪಾಡು ದುರ್ಬಲ. ಸೆಕೆಂಡಿಗೆ ಹದಿನೈದರಿಂದ ಇಪ್ಪತ್ತೈದು ಬಾರಿ ಮಿನುಗುವ ಬೆಳಕು ಇಂಥವರಿಗೆ ಹೆಚ್ಚು ಅಪಾಯಕಾರಿ. ಕಡುಗೆಂಪು ಬಣ್ಣ, ಒತ್ತಾದ ಕಪ್ಪುಬಿಳುಪಿನ ಪಟ್ಟೆಗಳು ಕೂಡ ಕಾರಣವಾಗಬಲ್ಲವು. ಅಪಸ್ಮಾರವಿರುವ ನೂರು ಜನರಲ್ಲಿ ಮೂರರಿಂದ ಐದು ಜನರಿಗೆ ಮಾತ್ರ ಈ ಬೆಳಕಿನ ತೊಂದರೆ. ಹದಿಹರೆಯದಲ್ಲಿ, ಅದರಲ್ಲಿಯೂ ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು. ವಯಸ್ಸು ಇಪ್ಪತ್ತು ದಾಟಿದ ಮೇಲೆ ಕೆಲವರಲ್ಲಿ ತಾನಾಗಿ ತಗ್ಗುವುದೂ ಉಂಟು. ಆದ್ದರಿಂದ ಅಪಸ್ಮಾರವಿರುವ ಪ್ರತಿಯೊಂದು ಮಗುವನ್ನೂ ಟಿ.ವಿ.ಯಿಂದ ದೂರವಿಡಬೇಕಾಗಿಲ್ಲ. ಪರೀಕ್ಷೆಯಿಂದ ತಿಳಿದುಕೊಂಡರೆ ಸಾಕು.

ಬ್ರಿಟನ್ನಿನಲ್ಲಿ 1993ರಲ್ಲಿ ಒಂದು ಜಾಹೀರಾತಿನಿಂದ ಮೂವರಿಗೆ ಮೂರ್ಛೆ ಬಂದ ಮೇಲೆ, ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಬಾರಿ ಮಿಂಚುವ ಚಿತ್ರಗಳನ್ನು ತೋರಿಸಬಾರದೆಂಬ ಕಟ್ಟಳೆ ರೂಪುಗೊಂಡಿತು. ಇಂಥ ರೋಗಿಗಳಿಗೆ ಬೇಕೆಂದೇ ಮಿಂಚುವ ಚಿತ್ರಗಳನ್ನು ಕಳಿಸಿ ಹಿಂಸಿಸುವುದನ್ನು ಆ ದೇಶವು 2023ರ ಕಾಯಿದೆಯಲ್ಲಿ ಅಪರಾಧವೆಂದು ಸಾರಿದೆ.

ಬೆಳಕಿನಂತೆಯೇ ಬೇರೆ ಪ್ರಚೋದನೆಗಳಿಂದಲೂ ಮೂರ್ಛೆ ಬರುವುದುಂಟು. ಇದರಲ್ಲಿ ನಮ್ಮ ಕರ್ನಾಟಕಕ್ಕೆ ವಿಶೇಷ ಸ್ಥಾನವಿದೆ. ತಲೆಯ ಮೇಲೆ ಬಿಸಿನೀರನ್ನು ತಂಬಿಗೆಯಿಂದ ಬೇಗಬೇಗನೆ ಸುರಿದುಕೊಳ್ಳುವಾಗ ಬರುವ ಅಪಸ್ಮಾರವು ದಕ್ಷಿಣ ಭಾರತದಲ್ಲಿ, ಅದರಲ್ಲಿಯೂ ನಮ್ಮ ರಾಜ್ಯದ ಕೆಲವು ಭಾಗಗಳಲ್ಲಿ, ಹೆಚ್ಚಾಗಿ ಕಂಡುಬಂದಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಡಾ. ಪಿ. ಸತೀಶ್‌ಚಂದ್ರ ಮತ್ತು ಸಂಗಡಿಗರು ಇದನ್ನು ಕುರಿತು ನಡೆಸಿದ ಸಂಶೋಧನೆಗಳು ಜಗತ್ತಿನ ವೈದ್ಯರ ಗಮನ ಸೆಳೆದಿವೆ. ನೀರಿನ ಬಿಸಿಯನ್ನು ತಗ್ಗಿಸಿಕೊಳ್ಳುವುದರಿಂದ ಅನೇಕರಿಗೆ ಇದು ನಿಲ್ಲುತ್ತದೆ, ಉಳಿದವರಿಗೆ ಔಷಧವಿದೆ. ತಲೆಸ್ನಾನದ ದಿನವೇ ಮೂರ್ಛೆ ಬರುವುದನ್ನು ಕಂಡು ಮೈಮೇಲೆ ಗಾಳಿ ಸೇರಿದೆಯೆಂದು ಹೇಳುವವರಿಗೆ ಇದನ್ನು ತಿಳಿಸಬೇಕು.

ಇನ್ನು ಮನೆಯವರು ಮಾಡಬೇಕಾದುದನ್ನು ಹೇಳುತ್ತೇವೆ. ಮಕ್ಕಳು ಟಿ.ವಿ.ಗೆ ಮುಖ ತಾಗಿಸಿ ಕೂಡದೆ ಆರೇಳು ಅಡಿ ದೂರ ಕೂಡಲಿ. ಕೋಣೆಯಲ್ಲಿ ದೀಪ ಉರಿಯುತ್ತಿರಲಿ. ಮಿಂಚುವ ಬೆಳಕು ಎದುರಾದಾಗ ಬರಿದೇ ಕಣ್ಣು ಮುಚ್ಚಿದರೆ ಸಾಲದು, ರೆಪ್ಪೆಯ ಮೂಲಕವೂ ಬೆಳಕು ಒಳಹೋಗುತ್ತದೆ. ಒಂದು ಕಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿಕೊಂಡು ಮುಖ ತಿರುಗಿಸಬೇಕು. ಜಾತ್ರೆ, ಮದುವೆಗಳಲ್ಲಿ ಸಂಗೀತದೊಡನೆ ಮಿಂಚಿಸುವ ದೀಪಗಳಿಂದ ಇಂಥವರು ದೂರವಿರಲಿ. ನಿದ್ರೆಗೇಡು ಎಲ್ಲ ಬಗೆಯ ಅಪಸ್ಮಾರಕ್ಕೂ ಪ್ರಚೋದಕ. ಆದಕಾರಣ ಈ ರೋಗವಿರುವವರು ಶಿವರಾತ್ರಿಯಂದು ರಾತ್ರಿಯಿಡೀ ಜಾಗರಣೆ ಮಾಡಬೇಕೆಂಬ ಹಟ ಬೇಡ. ಉಪವಾಸದ ನೆಪದಲ್ಲಿ ಮಾತ್ರೆಯನ್ನು ತಪ್ಪಿಸುವುದೂ ಬೇಡ. ಇಷ್ಟಲಿಂಗ ಪೂಜೆ ಮಾಡಿ ಹೊತ್ತಿಗೆ ಮಲಗಿದರೆ ಭಕ್ತಿಗೆ ಕೊರತೆಯಾಗದು.

ಮೂರ್ಛೆ ಬಂದಾಗ ಕೈಗೆ ಬೀಗದಕೈ ಹಿಡಿಸುವುದು, ಚಪ್ಪಲಿ ಅಥವಾ ಈರುಳ್ಳಿ ಮೂಸಿಸುವುದು ನಿಷ್ಪ್ರಯೋಜಕ. ಹಲ್ಲುಗಳ ನಡುವೆ ಚಮಚ ತುರುಕುವುದು, ಬಾಯಿಗೆ ನೀರು ಹಾಕುವುದು ಅಪಾಯಕರ. ಸುತ್ತಲಿನ ಗಡುಸು ವಸ್ತುಗಳನ್ನು ಸರಿಸಿ, ತಲೆಯ ಕೆಳಗೆ ಮೆತ್ತನೆಯದನ್ನಿಟ್ಟು, ಸೆಳೆತ ನಿಂತೊಡನೆ ಪಕ್ಕಕ್ಕೆ ಹೊರಳಿಸಿ ಮಲಗಿಸಿರಿ. ಗಡಿಯಾರ ನೋಡಿರಿ. ಐದು ನಿಮಿಷ ದಾಟಿದರೆ, ಇಲ್ಲವೇ ಎಚ್ಚರವಾಗದೆ ಮತ್ತೊಮ್ಮೆ ಬಂದರೆ, ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ವೈದ್ಯರು ಹೇಳದೆ ಮಾತ್ರೆಯನ್ನು ಥಟ್ಟನೆ ನಿಲ್ಲಿಸಬಾರದು. ಮದುವೆಯಾಗಲಿರುವ ಹಾಗೂ ಗರ್ಭಿಣಿಯಾಗಬಯಸುವ ಹೆಣ್ಣುಮಕ್ಕಳು ಮೊದಲೇ ವೈದ್ಯರೊಡನೆ ಮಾತಾಡಬೇಕು. ವಾಲ್ಪ್ರೋಯೇಟ್‌ನಂಥ ಔಷಧವು ಗರ್ಭಸ್ಥ ಶಿಶುವಿಗೆ ಹಾನಿಯುಂಟುಮಾಡಬಲ್ಲದು, ಬದಲಿ ಔಷಧಗಳುಂಟು.

ಕೊನೆಯದಾಗಿ ಮದುವೆಯ ಮಾತು. 1955ರ ಹಿಂದೂ ವಿವಾಹ ಕಾಯಿದೆಯು ಮರುಕಳಿಸುವ ಅಪಸ್ಮಾರವನ್ನು ಹುಚ್ಚಿನ ಸಾಲಿನಲ್ಲಿರಿಸಿ ಮದುವೆಗೆ ಅಡ್ಡಿಯೆಂದು ಎಣಿಸಿತ್ತು. 1999ರಲ್ಲಿ ಸಂಸತ್ತು ಆ ಮಾತನ್ನು ತೆಗೆದುಹಾಕಿತು. ಕಾಯಿದೆಯಿಂದ ಅಳಿದುದು ನಮ್ಮ ಮನಸ್ಸಿನಿಂದ ಅಳಿದಿಲ್ಲ. ಮುಚ್ಚಿಟ್ಟು ಮಾಡಿದ ಮದುವೆಯಲ್ಲಿ ಸೊಸೆಯು ಅತ್ತೆಯ ಕಣ್ಣು ತಪ್ಪಿಸಿ ಮಾತ್ರೆ ನುಂಗುತ್ತಾಳೆ. ಒಂದು ದಿನ ತಪ್ಪಿಸುತ್ತಾಳೆ. ಅಂದು ಒಲೆಯ ಮುಂದೆಯೋ ಬಾವಿಯ ಕಟ್ಟೆಯ ಬಳಿಯೋ ಬೀಳುತ್ತಾಳೆ. ಅವಳನ್ನು ಆ ಗತಿಗೆ ತಂದುದು ರೋಗಕ್ಕಿಂತ ಮಿಗಿಲಾಗಿ ಎರಡು ಮನೆಗಳ ನಡುವಣ ಮೌನ.

ಜಗತ್ತಿನಲ್ಲಿ ಸುಮಾರು ಐದು ಕೋಟಿ ಜನರಿಗೆ ಅಪಸ್ಮಾರವಿದೆಯೆಂದೂ, ಸರಿಯಾದ ಚಿಕಿತ್ಸೆ ದೊರೆತರೆ ನೂರಕ್ಕೆ ಎಪ್ಪತ್ತು ಜನ ಮೂರ್ಛೆಯಿಲ್ಲದೆ ಬಾಳಬಹುದೆಂದೂ ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ. ಓದುಗ ಬಂಧುಗಳಲ್ಲಿ ನಮ್ಮ ಕೋರಿಕೆ ಇಷ್ಟೆ. ನಿಮ್ಮ ಮನೆಯಲ್ಲಿ ಇಂಥ ಮಗುವಿದ್ದರೆ ವೈದ್ಯರಲ್ಲಿ ಕರೆದೊಯ್ಯಿರಿ, ಶಾಲೆಯ ಗುರುಗಳಿಗೆ ತಿಳಿಸಿರಿ, ಸಂಬಂಧ ಕುದುರಿಸುವಾಗ ನಿಜ ನುಡಿಯಿರಿ. ನಿಮ್ಮ ಮನೆಗೆ ನಿಜ ನುಡಿದು ಬಂದವರನ್ನು ಆ ಒಂದು ಕಾರಣಕ್ಕಾಗಿ ಹಿಂದಕ್ಕೆ ಕಳಿಸಬೇಡಿರಿ.