ತೊಟ್ಟಿಲೊಳಗಿನ ಕಿವಿ

ಕೂಸು ತೊಟ್ಟಿಲಲ್ಲಿ ಮಲಗಿದೆ. ಅಜ್ಜಿ ಅದರೊಡನೆ ಎಡೆಬಿಡದೆ ಮಾತನಾಡುತ್ತಿದ್ದಾಳೆ. “ಮಾತೇ ಬಾರದ ಮಗುವಿನೊಡನೆ ಇದೆಂಥ ಹರಟೆ!” ಎಂದು ಮನೆಯವರು ನಗುವುದುಂಟು. ಆದರೆ ಕಳೆದ ಅರ್ಧ ಶತಮಾನದಲ್ಲಿ ವಿಜ್ಞಾನಿಗಳು ಕಂಡುಕೊಂಡ ಸಂಗತಿಗಳನ್ನು ಬಲ್ಲವರು ಹಾಗೆ ನಗಲಾರರು. ಮಗು ತನ್ನ ಮೊದಲ ಮಾತನ್ನು ಆಡುವುದಕ್ಕೆ ಬಹು ಮುಂಚೆಯೇ, ಆ ಹರಟೆಯಿಂದಲೇ, ತನ್ನ ಕಿವಿಯನ್ನು ಹದಗೊಳಿಸಿಕೊಳ್ಳುತ್ತಿರುತ್ತದೆ.

‘ಹುಲಿ’ಗೂ ‘ಹುಳಿ’ಗೂ ಇರುವ ಅಂತರ ಕನ್ನಡಿಗರಿಗೆ ಹಗಲಿರುಳುಗಳಷ್ಟು ಸ್ಪಷ್ಟ. ಇಂಗ್ಲಿಷನ್ನು ಮಾತ್ರ ಕೇಳಿ ಬೆಳೆದವರಿಗೆ ಇವೆರಡೂ ಬಹುಮಟ್ಟಿಗೆ ಒಂದೇ. ಕನ್ನಡಿಗರು ಇದಕ್ಕಾಗಿ ಬೀಗಬೇಕಾದುದಿಲ್ಲ. ಇಂಗ್ಲಿಷಿನಲ್ಲಿ ಕೆಳದುಟಿಗೆ ಹಲ್ಲು ತಾಗಿಸಿ ನುಡಿಯುವ ಧ್ವನಿಯೊಂದು, ತುಟಿಗಳನ್ನು ದುಂಡಾಗಿಸಿ ನುಡಿಯುವ ಧ್ವನಿ ಮತ್ತೊಂದು. ನಮ್ಮವರಲ್ಲಿ ಅನೇಕರ ಕಿವಿಗೆ ಎರಡೂ ಬರಿಯ ‘ವ’ಕಾರ. ಕಿವಿಯಲ್ಲಿ ದೋಷವೇನೂ ಇಲ್ಲ. ಅದು ಬೆಳೆದ ಮನೆಯ ಗುಣ ಅಂಥದು.

ಹಾಗಾದರೆ ಹುಟ್ಟಿದ ಶಿಶುವಿನ ಕಿವಿ ಎಂಥದು? ಬಾಯಿಬಿಟ್ಟು ಹೇಳಲಾರದ ಶಿಶುವನ್ನು ಕೇಳಿ ತಿಳಿಯುವುದೆಂತು? ಅಮೆರಿಕದ ಬ್ರೌನ್ ವಿಶ್ವವಿದ್ಯಾನಿಲಯದ ಪೀಟರ್ ಐಮಸ್ ಮತ್ತು ಅವರ ಸಂಗಡಿಗರು 1971ರಲ್ಲಿ ಇದಕ್ಕೊಂದು ಉಪಾಯವನ್ನು ಪ್ರಕಟಿಸಿದರು. ಒಂದು ತಿಂಗಳಿನ ಹಾಗೂ ನಾಲ್ಕು ತಿಂಗಳಿನ ಶಿಶುಗಳಿಗೆ ಚೀಪಲು ರಬ್ಬರಿನ ತೊಟ್ಟನ್ನು ಕೊಟ್ಟು, ಚೀಪಿದಾಗಲೆಲ್ಲ ಒಂದು ಧ್ವನಿ ಕೇಳಿಸುವಂತೆ ಯಂತ್ರವನ್ನು ಹೊಂದಿಸಿದರು. ಕೇಳಿದ ಧ್ವನಿಯನ್ನೇ ಮತ್ತೆ ಮತ್ತೆ ಕೇಳಿ ಬೇಸರವಾದಾಗ ಶಿಶುವಿನ ಚೀಪುವಿಕೆ ಮಂದವಾಗುತ್ತಿತ್ತು. ಆಗ ‘ಬ’ವನ್ನು ನಿಲ್ಲಿಸಿ ‘ಪ’ವನ್ನು ಕೇಳಿಸಿದೊಡನೆ ಅದು ಮತ್ತೆ ಹುರುಪಿನಿಂದ ಚೀಪತೊಡಗುತ್ತಿತ್ತು! ಈ ಎರಡು ಧ್ವನಿಗಳಿಗೆ ಇದ್ದ ವ್ಯತ್ಯಾಸ ಒಂದು ಸೆಕೆಂಡಿನ 50ರಲ್ಲಿ ಒಂದು ಪಾಲು ಮಾತ್ರ. ಇಷ್ಟೇ ವ್ಯತ್ಯಾಸವಿದ್ದರೂ ದೊಡ್ಡವರ ಕಿವಿಗೆ ಒಂದೇ ಅಕ್ಷರವಾಗಿ ಕೇಳುವ ಧ್ವನಿಗಳನ್ನು ಬದಲಿಸಿದಾಗ ಶಿಶುಗಳಿಗೆ ಅಂಥ ಹುರುಪು ಮೂಡಲಿಲ್ಲ.

ಇನ್ನೂ ಸೋಜಿಗದ ಸಂಗತಿಯನ್ನು 1984ರಲ್ಲಿ ಕೆನಡಾದ ಜ್ಯಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಬೆಳಕಿಗೆ ತಂದರು. ನಮ್ಮ ವ್ಯಾಕರಣಗಳು ದಂತ್ಯ, ಮೂರ್ಧನ್ಯ ಎಂದು ಬೇರ್ಪಡಿಸುವ ‘ತ’ ಮತ್ತು ‘ಟ’ಗಳನ್ನು ಹಿಂದಿ ಉಚ್ಚಾರಣೆಯಲ್ಲಿ ಅವರು ಇಂಗ್ಲಿಷ್ ಮನೆಗಳ ಕೂಸುಗಳಿಗೆ ಕೇಳಿಸಿದರು. ಧ್ವನಿ ಬದಲಾದಾಗ ಕೂಸು ತಲೆ ತಿರುಗಿಸಿದರೆ ಅದಕ್ಕೆ ಕುಣಿಯುವ ಆಟಿಕೆಯ ದರ್ಶನ! 6ರಿಂದ 8 ತಿಂಗಳ ಕೂಸುಗಳಲ್ಲಿ ಬಹುತೇಕ ಎಲ್ಲವೂ ವ್ಯತ್ಯಾಸವನ್ನು ಗುರುತಿಸಿದವು. 10ರಿಂದ 12 ತಿಂಗಳ ಮಕ್ಕಳಲ್ಲಿ ಕೆಲವು ಮಾತ್ರ ಗುರುತಿಸಿದವು. ಹಿಂದಿ ಮನೆಗಳ ಮಕ್ಕಳಲ್ಲಾದರೋ ಆ ಶಕ್ತಿ ವರುಷ ತುಂಬುವ ಹೊತ್ತಿಗೂ ಕುಂದಿರಲಿಲ್ಲ.

ಅಂದರೆ ಶಿಶು ಬರಿಗೈಯಲ್ಲಿ ಬಂದು ಒಂದೊಂದೇ ಧ್ವನಿಯನ್ನು ಕೂಡಿಡುವುದಿಲ್ಲ. ಅದು ಲೋಕದ ನಾನಾ ಭಾಷೆಗಳ ಧ್ವನಿಭೇದಗಳಿಗೆ ತೆರೆದ ಕಿವಿಯೊಡನೆ ಬರುತ್ತದೆ. ಮನೆಯಲ್ಲಿ ಬಳಕೆಯಾಗುವ ಭೇದಗಳನ್ನು ಉಳಿಸಿಕೊಂಡು, ಬೇಡವಾದವನ್ನು ಮೆಲ್ಲನೆ ಕೈಬಿಡುತ್ತದೆ. ಕೈಬಿಟ್ಟುದು ಪೂರ್ತಿ ನಷ್ಟವಾಗದು. ದೊಡ್ಡವರೂ ಅಭ್ಯಾಸಬಲದಿಂದ ಅದನ್ನು ಒಂದಿಷ್ಟು ಮರಳಿ ಪಡೆಯಬಲ್ಲರು. ಆದರೆ ತೊಟ್ಟಿಲಲ್ಲಿ ತಾನಾಗಿ ದೊರೆತುದಕ್ಕೆ ಆಗ ಬೆವರು ಸುರಿಸಬೇಕಾಗುತ್ತದೆ.

ಧ್ವನಿಗಳನ್ನು ಕೇಳಿಸುವುದಷ್ಟೇ ಸಾಕೆಂದರೆ ಅಜ್ಜಿಯ ಬದಲು ಒಂದು ಯಂತ್ರವನ್ನಿಡಬಹುದಲ್ಲವೇ? ಸಿಯಾಟಲ್ ನಗರದಲ್ಲಿ ಪೆಟ್ರಿಷಿಯಾ ಕೂಲ್ ಮತ್ತು ಸಹೋದ್ಯೋಗಿಗಳು ಇದನ್ನೂ ಪರೀಕ್ಷಿಸಿ 2003ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಒಂಬತ್ತು ತಿಂಗಳ ಅಮೆರಿಕನ್ ಮಕ್ಕಳ ಒಂದು ಗುಂಪಿನೊಡನೆ ಚೀನೀ ಭಾಷಿಕರು ತಲಾ 25 ನಿಮಿಷಗಳಂತೆ 12 ಸಲ ಕುಳಿತು ಆಟವಾಡಿದರು, ಪುಸ್ತಕ ಓದಿದರು. ಆ ಭಾಷೆಯ ಧ್ವನಿಭೇದವನ್ನು ಗುರುತಿಸುವುದರಲ್ಲಿ ಈ ಮಕ್ಕಳು ಅದನ್ನು ಹುಟ್ಟಿನಿಂದ ಕೇಳುತ್ತಿದ್ದ ತೈವಾನಿನ ಮಕ್ಕಳಿಗೆ ಸರಿಸಮರಾದರು. ಅದೇ ಜನರ ಅದೇ ಬಗೆಯ ಮಾತನ್ನು ದೂರದರ್ಶನದ ಪರದೆಯಲ್ಲಿ ಕಂಡ ಮಕ್ಕಳೂ, ಧ್ವನಿಮುದ್ರಿಕೆಯಲ್ಲಿ ಕೇಳಿದ ಮಕ್ಕಳೂ ಏನನ್ನೂ ಕಲಿಯಲಿಲ್ಲ! ಕಣ್ಣಲ್ಲಿ ಕಣ್ಣಿಟ್ಟು, ಮಗು ‘ಆಂ’ ಎಂದರೆ ‘ಹೂಂ’ ಎನ್ನುವ ಜೀವವೊಂದು ಎದುರಿಗೆ ಬೇಕು.

ಈ ಮೊದಲ ತಿಂಗಳುಗಳ ಬೆಲೆ ಎಷ್ಟೆಂಬುದು ತಿಳಿಯುವುದು ಕಿವಿ ಕೇಳದೆ ಹುಟ್ಟಿದ ಮಗುವಿನ ಮನೆಯಲ್ಲಿ. ಅಂಥ ಮಗುವೂ ಮೊದಮೊದಲು ಎಲ್ಲ ಕೂಸುಗಳಂತೆಯೇ ಗುಳುಗುಳು ಸದ್ದು ಮಾಡುತ್ತದೆ. ತಟ್ಟೆ ಬಿದ್ದರೆ ನೆಲದ ಅದುರಿಗೆ ಬೆಚ್ಚಲೂಬಹುದು. ಮನೆಯವರು ನಿಶ್ಚಿಂತರಾಗುತ್ತಾರೆ. “ನಮ್ಮ ವಂಶದಲ್ಲಿ ಮಾತು ತಡ” ಎಂಬ ಸಮಾಧಾನದಲ್ಲಿ ಎರಡು ಮೂರು ವರುಷಗಳು ಜಾರಿಹೋಗುತ್ತವೆ. ಮಲಗಿದ ಶಿಶುವಿನ ಕಿವಿಗೆ ಪುಟ್ಟ ಸಾಧನವನ್ನಿಟ್ಟು ಕೆಲವೇ ನಿಮಿಷಗಳಲ್ಲಿ, ನೋವಿಲ್ಲದೆ ಪರೀಕ್ಷಿಸುವ ಕ್ರಮ ಇಂದು ಬಳಕೆಯಲ್ಲಿದೆ. ಮೊದಲ ಪರೀಕ್ಷೆ ಒಂದು ತಿಂಗಳೊಳಗೆ, ದೋಷದ ನಿರ್ಣಯ ಮೂರು ತಿಂಗಳೊಳಗೆ, ನೆರವಿನ ಆರಂಭ ಆರು ತಿಂಗಳೊಳಗೆ—ಇದು ತಜ್ಞರ ಸೂತ್ರ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕೇಂದ್ರಗಳು ಇದಕ್ಕೆಂದೇ ಇವೆ. ನೆರವು ಶ್ರವಣಸಾಧನದಿಂದ ಬರಲಿ, ಸನ್ನೆಯ ಭಾಷೆಯಿಂದ ಬರಲಿ, ಅದು ಬೇಗ ಬರಬೇಕು.

ಆದುದರಿಂದ ಮನೆಯವರು ಮಗುವಿನ ಕಿವಿಯನ್ನು ಒಮ್ಮೆ ಪರೀಕ್ಷಿಸಿ ಬರಲಿ. ಅಜ್ಜಿಯ ಹರಟೆಯನ್ನು ಮಾತ್ರ ಯಾರೂ ತಡೆಯದಿರಲಿ.